ದಿನಾ ಓಡಿಸುವ ಎಸ್‌ಯುವಿಯನ್ನು ಟ್ರೇಲ್‌ಗೆ ರೆಡಿ ಮಾಡಬೇಕು, ಯಾವುದರಿಂದ ಶುರು ಮಾಡಲಿ?

ವಾರಪೂರ್ತಿ ಆಫೀಸಿಗೆ ಓಡಾಡುವ ಫೋರ್ ಬೈ ಫೋರ್ ಗಾಡಿ, ತಿಂಗಳಿಗೆ ಒಂದೆರಡು ಸಲ ಕಲ್ಲು ಕೆಸರಿನ ದಾರಿಗೆ ಇಳಿಸಬೇಕು, ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಮೊದಲು ಹಾಕಿಸಲಾ, ಹೂತ ಗಾಡಿಯನ್ನು ಮೋಟಾರಿನಿಂದ ಹಗ್ಗ ಸುತ್ತಿ ಎಳೆಯುವ ವಿಂಚ್ ಮೊದಲು ಹಾಕಿಸಲಾ ಅಂತ ಕೇಳಿದ್ದೀರಿ. ಎರಡೂ ಈಗ ಬೇಡ. ಮೊದಲು ಟೈರಿನ ಗಾಳಿ ಬಿಡುವುದನ್ನು ಕಲಿಯಿರಿ.

ತಮಾಷೆಗೆ ಹೇಳುತ್ತಿಲ್ಲ. ನಾನು ಲಿಫ್ಟ್‌ನಿಂದ ಶುರು ಮಾಡಿದವನು. ಎರಡು ಇಂಚು ಎತ್ತಿಸಿದ ಖುಷಿಯಲ್ಲಿ, ರಸ್ತೆ ಟೈರಿನಲ್ಲೇ, 33 ಪಿಎಸ್‌ಐ ಗಾಳಿಯಲ್ಲೇ, ಮಳೆ ಬಿದ್ದು ನೆನೆದ ಒಂದು ಏರಿಗೆ ನುಗ್ಗಿಸಿದೆ. ದೊಡ್ಡ ಏರೇನೂ ಅಲ್ಲ. ಅರ್ಧಕ್ಕೆ ಹೋಗುವಷ್ಟರಲ್ಲಿ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗತೊಡಗಿದವು. ಇಳಿದು ನೋಡಿದರೆ ಟೈರಿನ ಗೆರೆಗಳಲ್ಲೆಲ್ಲ ಕೆಸರು ಮೆತ್ತಿಕೊಂಡು, ಸಾರಿಸಿದ ನೆಲದ ಹಾಗೆ ನುಣ್ಣಗಾಗಿತ್ತು. ಹಿಂದೆ ಬಂದವರ ಗಾಡಿ ಕಂಪನಿಯಿಂದ ಬಂದ ಹಾಗೇ ಇತ್ತು. ಅವರು ಮಾತಾಡದೆ ಒಂದೊಂದು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಸುಸ್ಸ್ ಅಂತ ಗಾಳಿ ಬಿಟ್ಟರು, 20ಕ್ಕೆ ಇಳಿಸಿದರು, ನನ್ನ ಪಕ್ಕದಲ್ಲೇ ಹತ್ತಿಸಿಕೊಂಡು ಹೋದರು. ಆಮೇಲೆ ವಾಪಸ್ ನಡೆದು ಬಂದು ನನ್ನ ಟೈರುಗಳ ಗಾಳಿಯನ್ನೂ ಅವರೇ ಬಿಟ್ಟರು. ನನ್ನದೂ ಹತ್ತಿತು. ಲಿಫ್ಟ್‌ಗೆ ಸುರಿದ ದುಡ್ಡು ನೆನೆದು ಹೊಟ್ಟೆ ಉರಿಯಿತು ಅಷ್ಟೇ.

ಗಾಳಿ ಕಡಿಮೆ ಮಾಡಿದಾಗ ನೆಲಕ್ಕೆ ಅಂಟುವ ಟೈರಿನ ಭಾಗ ಉದ್ದವಾಗುತ್ತದೆ. ಕಲ್ಲು ಸಿಕ್ಕರೆ ಟೈರು ಅದರ ಮೇಲೆ ಪುಟಿಯದೆ ಸುತ್ತ ಬಾಗಿ ಹಿಡಿಯುತ್ತದೆ. ಕಲ್ಲು ಮಣ್ಣಿನ ದಾರಿಗೆ 20ರಿಂದ 24 ಪಿಎಸ್‌ಐ, ಮರಳಿಗೆ 16ರಿಂದ 18, ಇದು ನಾನು ಇಟ್ಟುಕೊಂಡಿರುವ ಲೆಕ್ಕ. ಗಾಡಿಯ ತೂಕ ಜಾಸ್ತಿ ಇದ್ದರೆ ಒಂದೆರಡು ಜಾಸ್ತಿ ಇಡಿ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಿಕೊಳ್ಳುವ ಭಯ ಇರುತ್ತದೆ. ಟಾರು ರಸ್ತೆಗೆ ಬರುವ ಮೊದಲು ಮತ್ತೆ ತುಂಬಿಸಲೇಬೇಕು. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿಸಿದರೆ ಸೈಡ್‌ವಾಲ್ ಕಾದು ಟೈರು ಸಿಡಿಯುತ್ತದೆ. ಅದಕ್ಕೆ ಒಳ್ಳೆಯ ಕಂಪ್ರೆಸರ್ ಬೇಕು, ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಚಿಕ್ಕವು ನಾಲ್ಕು ದೊಡ್ಡ ಟೈರು ತುಂಬಿಸುವಷ್ಟರಲ್ಲಿ ಬಿಸಿಯಾಗಿ ಸುಸ್ತಾಗುತ್ತವೆ.

ಆಮೇಲೆ ಟೈರು. ಟಾರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ತಗೊಳ್ಳಿ, ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಬೇಡ. ಮಡ್ ಟೈರು ನೋಡಕ್ಕೆ ಚೆಂದ, ಆದರೆ ನಿಮ್ಮ ಓಡಾಟದ ಬಹುಪಾಲು ಟಾರಿನ ಮೇಲೇ ಅಲ್ವಾ? ಅಲ್ಲಿ ಅದು ಗುಂಯ್ ಅನ್ನುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ತಡವಾಗಿ ನಿಲ್ಲುತ್ತದೆ, ಬೇಗ ಸವೆಯುತ್ತದೆ. ಸೈಜ್ ಒಂದು ಹೆಜ್ಜೆ ಏರಿಸಿದರೆ ಸಾಕು. ಟೈರಿನ ಮೇಲೆ ಬರೆದಿರುವ ಸೈಜ್ 245/70 ಆರ್ 16 ಇದ್ದದ್ದನ್ನು 265/70 ಆರ್ 16 ಮಾಡಿದರೆ ಟೈರಿನ ವ್ಯಾಸ 28 ಮಿಲಿಮೀಟರ್ ಹೆಚ್ಚುತ್ತದೆ. ಅಂದರೆ ಗಾಡಿಯ ಹೊಟ್ಟೆ ನೆಲದಿಂದ 14 ಮಿಲಿಮೀಟರ್ ಮೇಲೆ. ಸರಿಯಾಗಿ ತೋರಿಸುತ್ತಿದ್ದ ಮೀಟರು ಇನ್ನು ಮುಂದೆ 100 ಅಂದಾಗ ನೀವು ನಿಜವಾಗಿ 103–104ರಲ್ಲಿ ಇರುತ್ತೀರಿ. ಹಾಕಿಸುವ ಮೊದಲು ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಲ್ಲೂ ಉಜ್ಜುವುದಿಲ್ಲ ಅಂತ ನೋಡಿ. ಸ್ಟೆಪ್ನಿಯೂ ಅದೇ ಸೈಜಿನದಿರಲಿ, ಇದನ್ನು ಮರೆಯುವವರೇ ಜಾಸ್ತಿ.

ಮೂರನೆಯದು, ಹೂತುಕೊಂಡಾಗ ಎಳೆಯುವ ಜಾಗ. ಇಲ್ಲಿ ಮಾತ್ರ ದಯವಿಟ್ಟು ಉಳಿತಾಯ ಮಾಡಬೇಡಿ. ಬಂಪರ್ ಕೆಳಗೆ ಕಾಣುವ ಸಣ್ಣ ಕೊಂಡಿ ಎಷ್ಟೋ ಗಾಡಿಗಳಲ್ಲಿ ಸಾಗಿಸುವಾಗ ಕಟ್ಟಿಹಾಕಲು ಕೊಟ್ಟಿರುವುದು. ಬಂಪರಿಗೆ ತಿರುಪಿ ಹಾಕುವ ಕೊಂಡಿ ಕೆಟ್ಟುನಿಂತ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಮೆಲ್ಲಗೆ ಎಳೆಯಲು. ಆಕ್ಸಲ್ ತನಕ ಕೆಸರಲ್ಲಿ ಕೂತ ಗಾಡಿಯನ್ನು ಇವುಗಳಿಂದ ಜಗ್ಗಿದರೆ ಕಿತ್ತು ಬರುತ್ತವೆ. ಟ್ರೇಲರ್ ಸಿಕ್ಕಿಸುವ ಟೋ ಬಾಲ್‌ಗಂತೂ ಹಗ್ಗ ಸಿಕ್ಕಿಸಲೇಬೇಡಿ. ಅದು ಮುರಿದರೆ ಫಿರಂಗಿ ಗುಂಡಿನ ಹಾಗೆ ಹಾರುತ್ತದೆ, ಜೀವ ಹೋಗಿರುವ ಉದಾಹರಣೆಗಳಿವೆ. ಚಾಸಿಗೆ ಬೋಲ್ಟ್ ಮಾಡಿದ, ಇಷ್ಟು ಭಾರ ತಡೆಯುತ್ತದೆ ಅಂತ ಬರೆದಿರುವ ರಿಕವರಿ ಪಾಯಿಂಟ್ ಮುಂದೆ ಒಂದು, ಹಿಂದೆ ಒಂದು ಹಾಕಿಸಿ. ಜೊತೆಗೆ ಹಿಗ್ಗುವ ನೈಲಾನ್ ಹಗ್ಗ, ಹಗ್ಗ ಸಿಕ್ಕಿಸಲು 4.75 ಟನ್ನಿನ ಎರಡು ಶ್ಯಾಕಲ್ ಕೊಂಡಿ, ಒಂದು ಸಲಿಕೆ, ಜಾರುವ ಚಕ್ರದಡಿ ಇಡಲು ಎರಡು ಟ್ರ್ಯಾಕ್ಷನ್ ಬೋರ್ಡ್. ಹೂತ ಗಾಡಿಯನ್ನು ಹೆಚ್ಚಿನ ಸಲ ಎತ್ತುವುದು ಸಲಿಕೆಯೇ, ವಿಂಚ್ ಅಲ್ಲ. ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು.

ಅಡಿಯ ರಕ್ಷಣೆ ನಾಲ್ಕನೆಯದು. ಕಂಪನಿ ಕೊಟ್ಟಿರುವುದು ಪ್ಲಾಸ್ಟಿಕ್ ಆಗಿದ್ದರೆ ಎಂಜಿನ್ ಸಂಪ್ (ಆಯಿಲ್ ನಿಲ್ಲುವ ತೊಟ್ಟಿ) ಮತ್ತು ಗೇರ್‌ಬಾಕ್ಸ್ ಕೆಳಗೆ ಲೋಹದ ಪ್ಲೇಟ್ ಹಾಕಿಸಿ. ಆಯಿಲ್ ಬದಲಿಸಲು ಅದರಲ್ಲಿ ತೂತು ಇದೆಯಾ ನೋಡಿ. ಇಲ್ಲದಿದ್ದರೆ ಪ್ರತಿ ಸರ್ವಿಸ್‌ಗೂ ಪೂರ್ತಿ ಬಿಚ್ಚಬೇಕಾಗುತ್ತದೆ, ಮೆಕ್ಯಾನಿಕ್ ನಿಮ್ಮನ್ನು ಕಂಡರೆ ಮುಖ ತಿರುಗಿಸುತ್ತಾನೆ.

ಈಗ ಲಿಫ್ಟ್. ಲಿಫ್ಟ್ ಎತ್ತುವುದು ಬಾಡಿಯನ್ನು. ಸಾಲಿಡ್ ಆಕ್ಸಲ್ (ಎರಡೂ ಚಕ್ರ ಸೇರಿಸುವ ಒಂದೇ ಗಟ್ಟಿ ಅಚ್ಚು) ಇದ್ದರೆ ಅದರ ಮಧ್ಯದ ಡಿಫರೆನ್ಷಿಯಲ್ ಅನ್ನುವ ಗೇರಿನ ಉಬ್ಬು ಇದ್ದಲ್ಲೇ ಇರುತ್ತದೆ, ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ಮುಂದೆ ಒಂದೊಂದು ಚಕ್ರವೂ ಬೇರೆಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದ್ದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ಗಳು ಹೆಚ್ಚು ಓರೆಯಾಗಿ ಕೆಲಸ ಮಾಡಬೇಕಾಗುತ್ತದೆ. ನನ್ನದು ಅದೇ ಕಥೆ. ಏಳನೇ ತಿಂಗಳಿಗೆ ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಕ್ ಟಕ್ ಟಕ್. ಬಗ್ಗಿ ನೋಡಿದೆ. ರಿಮ್ಮಿನ ಒಳಗೆಲ್ಲ ಕಪ್ಪು ಗ್ರೀಸ್ ಗೆರೆಗೆರೆಯಾಗಿ ಚಿಮ್ಮಿತ್ತು. ಶಾಫ್ಟಿನ ತುದಿಯ ಬಾಗುವ ಕೀಲು, ಅಂದರೆ ಸಿವಿ ಜಾಯಿಂಟ್ ಮೇಲಿನ ರಬ್ಬರ್ ಬೂಟಿನ ಮಡಿಕೆಗಳು ಓರೆಯಲ್ಲಿ ಒಂದಕ್ಕೊಂದು ಉಜ್ಜಿ ಬೆರಳಗಲ ಸೀಳಿದ್ದವು. ಬೂಟ್ ಸೀಳಿದ ದಿನವೇ ನೋಡಿದ್ದರೆ ಬರೀ ರಬ್ಬರಿನ ಖರ್ಚು. ಒಳಗೆ ಮಣ್ಣು ಸೇರಿ ಗುಂಡುಗಳು ಸವೆದಿದ್ದರಿಂದ ಶಾಫ್ಟನ್ನೇ ಬದಲಿಸಬೇಕಾಯಿತು. ಎತ್ತಿಸಿಕೊಟ್ಟ ಗ್ಯಾರೇಜಿನವರು ಅಲೈನ್‌ಮೆಂಟನ್ನೂ ಸರಿಯಾಗಿ ಮಾಡಿರಲಿಲ್ಲ, ನಾನೂ ಕೇಳಿರಲಿಲ್ಲ. ಹೆಡ್‌ಲೈಟ್ ತಗ್ಗಿಸುವುದು ನೆನಪಾದದ್ದು ಎದುರಿನವರು ದಾರಿಯುದ್ದಕ್ಕೂ ಡಿಪ್ಪರ್ ಹೊಡೆದಾಗ. ತಿರುವುಗಳಲ್ಲಿ ಗಾಡಿ ವಾಲುವುದು ಬೇರೆ. ಅಡಿ ತಾಗಿ ತಾಗಿ ನಿಜಕ್ಕೂ ಸಾಕಾಗಿದ್ದರೆ ಮಾತ್ರ ಲಿಫ್ಟ್ ಮಾಡಿಸಿ, ಎರಡು ಇಂಚು ದಾಟಬೇಡಿ.

ಎಲ್ಲಕ್ಕಿಂತ ಜನ ಮರೆಯುವುದು ತೂಕ. ಕಬ್ಬಿಣದ ಬಂಪರ್ ಮತ್ತು ವಿಂಚ್ ಸೇರಿದರೆ ಸುಮಾರು 80–100 ಕೆಜಿ, ಅದೂ ಮುಂದಿನ ಚಕ್ರಗಳಿಗಿಂತಲೂ ಮುಂದೆ. ಒಬ್ಬ ದಪ್ಪ ಮನುಷ್ಯನನ್ನು ಬಾನೆಟ್ ತುದಿಯಲ್ಲಿ ಕೂರಿಸಿಕೊಂಡು ದಿನಾ ಆಫೀಸಿಗೆ ಹೋದ ಹಾಗೆ. ಬ್ರೇಕಿಗೂ ಅದೇ ಭಾರ, ಮೈಲೇಜಿಗೂ ಅದೇ ಭಾರ. ಮುಂದಿನ ಬಂಪರ್ ಬದಲಿಸಿದರೆ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚುತ್ತದಾ ಅನ್ನುವ ಪ್ರಶ್ನೆಯೂ ಇದೆ. ಒಬ್ಬರೇ ಹೋಗುವುದಿಲ್ಲ, ಜೊತೆಗೆ ಇನ್ನೊಂದು ಗಾಡಿ ಇರುತ್ತದೆ ಅಂದರೆ ವಿಂಚ್ ಬೇಕಾಗುವುದು ಅಪರೂಪ.

ಸ್ನಾರ್ಕೆಲ್ ಬಗ್ಗೆ ಒಂದೇ ಮಾತು. ಅದು ಎಂಜಿನ್ ಉಸಿರಾಡುವ ಜಾಗವನ್ನು ಎತ್ತರಕ್ಕೆ ಒಯ್ಯುತ್ತದೆ, ಗಾಡಿಯನ್ನು ದೋಣಿ ಮಾಡುವುದಿಲ್ಲ. ಬಿಸಿ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಸೀಲಿನಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಅದರೊಳಗಿನ ಗಾಳಿ ಆಡಲು ಇರುವ ಬ್ರೀದರ್ ಪೈಪುಗಳನ್ನು ಉದ್ದ ಮಾಡಿಸಿ ಮೇಲಕ್ಕೆ ಕಟ್ಟಿಸುವುದು ಇನ್ನೂ ಅಗ್ಗ, ಇನ್ನೂ ಉಪಯೋಗ.

ನಾನಾಗಿದ್ದರೆ ಈಗ ಕಂಪ್ರೆಸರ್, ಸಲಿಕೆ, ರಿಕವರಿ ಪಾಯಿಂಟ್ ಇಷ್ಟೇ ತಗೊಂಡು ಐದಾರು ಸಲ ಹೋಗಿ ಬರುತ್ತಿದ್ದೆ. ಅಡಿಯಲ್ಲಿ ಎಲ್ಲೆಲ್ಲಿ ಗೀರು ಬಿದ್ದಿದೆ ನೋಡಿದರೆ ಮುಂದೆ ಏನು ಬೇಕು ಅಂತ ಗಾಡಿಯೇ ತೋರಿಸುತ್ತದೆ. ಲಿಫ್ಟ್ ಮಾಡಿಸಿಯೇ ತೀರುತ್ತೇನೆ ಅನ್ನುವುದಾದರೆ ಗಾಡಿ ಯಾವುದು, ಮುಂದೆ ಸಾಲಿಡ್ ಆಕ್ಸಲ್ಲಾ ಇಂಡಿಪೆಂಡೆಂಟಾ, ಸಾಮಾನ್ಯವಾಗಿ ಎಷ್ಟು ಜನ ಕೂರುತ್ತೀರಿ ಅಂತ ಬರೆಯಿರಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಟೈರು, ತೂಕದ ಸ್ಟಿಕ್ಕರ್ ಇರುತ್ತದೆ, ಅದರ ಫೋಟೋ ಒಂದು ಹಾಕಿ.