ಪರದೆ ಕಪ್ಪಾಯ್ತೆಂದು ಫಾರ್ಮ್ಯಾಟ್ ಮಾಡಿಸಬೇಡಿ

ಓದುಗರ ಪ್ರಶ್ನೆ: ಕಂಪ್ಯೂಟರ್ ವಿಭಾಗ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ನಾಲ್ಕು ಪತ್ರಗಳದ್ದು ಒಂದೇ ದೂರು: ಲಿನಕ್ಸ್ (ವಿಂಡೋಸ್ ಬದಲು ಬಳಸುವ ಮುಕ್ತ ಕಾರ್ಯವ್ಯವಸ್ಥೆ; ಮಿಂಟ್, ಉಬುಂಟು ಅದರ ರೂಪಗಳು) ಇರುವ ಕಂಪ್ಯೂಟರ್ ಆನ್ ಮಾಡಿದರೆ ಪರದೆ ಕಪ್ಪು. ದೂರು ಒಂದೇ ಆದರೂ ಕಾರಣ ನಾಲ್ಕು. ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಅಚ್ಚು ಮಾಡಿದ್ದೇವೆ. ಕೀಲಿಮಣೆಯಲ್ಲಿ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಪ್ರಶ್ನೆ: ನಮ್ಮದು ಡಿಟಿಪಿ, ಜೆರಾಕ್ಸ್ ಅಂಗಡಿ. ಅಸೆಂಬಲ್ಡ್ ಕಂಪ್ಯೂಟರ್, ಎನ್‌ವಿಡಿಯಾ ಜಿಟಿ 710 ಕಾರ್ಡ್, ಲಿನಕ್ಸ್ ಮಿಂಟ್. ಅಪ್‌ಡೇಟ್ ಹಾಕಿದ ಮೇಲೆ ಮಿಂಟ್‌ನ ಗುರುತು ಒಂದು ಕ್ಷಣ ಬಂದು ಪರದೆ ಕಪ್ಪಾಗುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಅಂತಿದ್ದಾರೆ. ಗಿರಾಕಿಗಳ ಲಗ್ನಪತ್ರಿಕೆ ಫೈಲುಗಳೆಲ್ಲ ಅದರಲ್ಲೇ ಇವೆ.
— ಓದುಗರು, ಹಾಸನ

ಉತ್ತರ: ಫಾರ್ಮ್ಯಾಟ್ ಬೇಡ, ಫೈಲುಗಳಿಗೆ ಏನೂ ಆಗಿಲ್ಲ. ಮಿಂಟ್‌ನ ಗುರುತು ಬಂತೆಂದರೆ ಮಾನಿಟರ್, ಕೇಬಲ್, ರ‍್ಯಾಮ್ ಸರಿಯಿವೆ, ಡಿಸ್ಕನ್ನೂ ಓದುತ್ತಿದೆ ಎಂದರ್ಥ. ಕಪ್ಪಾದಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ಯಂತ್ರ ಒಳಗೆ ಕೆಲಸ ಮಾಡುತ್ತಲೇ ಇದೆ, ಚಿತ್ರ ಮೂಡಿಸುವುದು ಮಾತ್ರ ಆಗುತ್ತಿಲ್ಲ. ಗುಮಾನಿ ನೇರ ಗ್ರಾಫಿಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಮೇಲೆ.

ನಿಮ್ಮ ಕಾರ್ಡಿಗೆ ಈ ಗುಮಾನಿ ಇನ್ನೂ ಗಟ್ಟಿ. ಜಿಟಿ 710 ಕೆಪ್ಲರ್ ಪೀಳಿಗೆಯದು, ಅದಕ್ಕೆ ಎನ್‌ವಿಡಿಯಾ ಕೊಟ್ಟ ಕೊನೆಯ ಡ್ರೈವರ್ ಸರಣಿ 470. ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಬಂದಾಗಲೆಲ್ಲ ಈ ಡ್ರೈವರನ್ನು ಅದಕ್ಕೆ ತಕ್ಕಂತೆ ಮತ್ತೆ ಕಟ್ಟಬೇಕು. ಡಿಕೆಎಂಎಸ್ ಎಂಬ ವ್ಯವಸ್ಥೆ ಅದನ್ನು ತಾನಾಗಿ ಮಾಡುತ್ತದೆ. ಆದರೆ ಹಳೇ ಡ್ರೈವರ್ ಹೊಸ ಕರ್ನಲ್‌ಗೆ ಹೊಂದದಿದ್ದರೆ ಕಟ್ಟುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಕರ್ನಲ್ ಮಾತ್ರ ಬದಲಾಗಿರುತ್ತದೆ.

ಮೊದಲು ಹಳೇ ಕರ್ನಲ್‌ನಲ್ಲಿ ತೆರೆದು ನೋಡಿ. ಆನ್ ಮಾಡಿದ ಕೂಡಲೇ, ಹಳೇ ಬಯೋಸ್ (ಯಂತ್ರವನ್ನು ಶುರು ಮಾಡುವ ಮೂಲ ತಂತ್ರಾಂಶ) ಆಗಿದ್ದರೆ ಶಿಫ್ಟ್ ಕೀಲಿ ಒತ್ತಿ ಹಿಡಿಯಿರಿ. ಅದರ ಹೊಸ ರೂಪವಾದ ಯುಇಎಫ್ಐ ಆಗಿದ್ದರೆ ತಯಾರಕರ ಲೋಗೋ ಮರೆಯಾಗುವ ಹೊತ್ತಿಗೆ ಎಸ್ಕೇಪ್ ಒಂದು ಸಲ ಒತ್ತಿ. ಗಾಬರಿಯಲ್ಲಿ ಟಕಟಕ ಒತ್ತಿದರೆ 'ಗ್ರಬ್' ಎಂದು ಬರೆದ ಖಾಲಿ ಪರದೆಗೆ ಹೋಗಿಬಿಡುತ್ತೀರಿ. ಆಗ 'ರೀಬೂಟ್' ಎಂದು ಟೈಪ್ ಮಾಡಿ ಎಂಟರ್ ಕೊಟ್ಟು ಮತ್ತೆ ಶುರು ಮಾಡಿ. ಗ್ರಬ್ ಪಟ್ಟಿ (ಯಾವ ಕರ್ನಲ್ ತೆರೆಯಬೇಕೆಂದು ಆರಿಸುವ ಜಾಗ) ಬಂದಾಗ 'ಅಡ್ವಾನ್ಸ್ಡ್ ಆಪ್ಷನ್ಸ್'ಗೆ ಹೋಗಿ. ಎಲ್ಲಕ್ಕಿಂತ ಮೇಲಿನದು ಹೊಸ ಕರ್ನಲ್. ಅದರ ಕೆಳಗಿರುವ, ಕಡಿಮೆ ಸಂಖ್ಯೆಯ, 'ರಿಕವರಿ' ಎಂಬ ಪದವಿಲ್ಲದ ಸಾಲನ್ನು ಆರಿಸಿ.

ಡೆಸ್ಕ್‌ಟಾಪ್ ಬಂದರೆ ಕಾರಣ ಸಿಕ್ಕಿತು. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) 'ಡಿಕೆಎಂಎಸ್ ಸ್ಟೇಟಸ್' ಕೊಟ್ಟರೆ ಡ್ರೈವರ್ ಯಾವ ಕರ್ನಲ್‌ಗೆ ಕೂತಿದೆ, ಯಾವುದಕ್ಕೆ ಇಲ್ಲ ಎಂದು ತೋರಿಸುತ್ತದೆ. ಅಪ್‌ಡೇಟ್ ಮ್ಯಾನೇಜರ್‌ನ 'ವ್ಯೂ' ಪಟ್ಟಿಯಲ್ಲಿ 'ಲಿನಕ್ಸ್ ಕರ್ನಲ್ಸ್' ಇದೆ, ಅಲ್ಲಿಂದ ತೊಂದರೆ ಕೊಟ್ಟ ಕರ್ನಲನ್ನು ತೆಗೆಯಬಹುದು. ಚೆನ್ನಾಗಿ ನಡೆಯುವ ಒಂದು ಹಳೇ ಕರ್ನಲ್ ಮಾತ್ರ ಸದಾ ಇರಲಿ.

ಹಳೆಯದೂ ತೆರೆಯದಿದ್ದರೆ ಎರಡನೇ ದಾರಿ. ಗ್ರಬ್ ಪಟ್ಟಿಯಲ್ಲಿ ಮೊದಲ ಸಾಲಿನ ಮೇಲೆ ನಿಂತು 'ಇ' ಅಕ್ಷರ ಒತ್ತಿ. ತೆರೆಯುವ ಬರಹದಲ್ಲಿ 'ಲಿನಕ್ಸ್' ಎಂಬ ಪದದಿಂದ ಶುರುವಾಗುವ ಉದ್ದನೆಯ ಸಾಲು ಹುಡುಕಿ. ಅದರ ಕೊನೆಯ 'ಕ್ವಯಟ್ ಸ್ಪ್ಲ್ಯಾಶ್' ಅಳಿಸಿ ಅಲ್ಲಿ 'ನೋಮೋಡ್‌ಸೆಟ್' ಎಂದು ಬರೆಯಿರಿ: ಎನ್, ಒ, ಎಂ, ಒ, ಡಿ, ಇ, ಎಸ್, ಇ, ಟಿ. ನಡುವೆ ಜಾಗ ಬಿಡಬಾರದು, ಮುಂಚೆ ಒಂದು ಜಾಗ ಬೇಕು. ಎಫ್10 ಅಥವಾ ಕಂಟ್ರೋಲ್-ಎಕ್ಸ್ ಒತ್ತಿ. ಇಲ್ಲಿ ತಪ್ಪಿದರೂ ಹೆದರಬೇಕಿಲ್ಲ, ಈ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ.

ಪರದೆ ದಪ್ಪ ದಪ್ಪವಾಗಿ ತೆರೆದುಕೊಳ್ಳುತ್ತದೆ. ಡ್ರೈವರ್ ಮ್ಯಾನೇಜರ್‌ಗೆ ಹೋಗಿ 470 ಅನ್ನು ಮತ್ತೆ ಹಾಕಿ, ಇಲ್ಲವೇ 'ನೂವೋ' ಎಂಬ ಮುಕ್ತ ಡ್ರೈವರ್ ಆರಿಸಿ. ಲಗ್ನಪತ್ರಿಕೆ, ಬ್ಯಾನರ್ ಕೆಲಸಕ್ಕೆ ನೂವೋ ಸಾಕು, ಕರ್ನಲ್ ಬದಲಾದಾಗಲೆಲ್ಲ ಕಟ್ಟುವ ಜಂಜಾಟವೂ ಇಲ್ಲ. ನಮ್ಮ ಸಲಹೆ ಅದೇ. ನೋಮೋಡ್‌ಸೆಟ್ ಅನ್ನೇ ಕಾಯಂ ಮಾಡಿಕೊಳ್ಳಿ ಎನ್ನುವವರ ಮಾತು ಕೇಳಬೇಡಿ. ಅದು ಗ್ರಾಫಿಕ್ಸ್ ಡ್ರೈವರನ್ನೇ ಪಕ್ಕಕ್ಕಿಡುತ್ತದೆ. ಚಿತ್ರ ಬಿಡಿಸುವ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬಿದ್ದು ವಿಡಿಯೋ ಎಡವುತ್ತದೆ.

470 ಹಾಕುವಾಗ ಪಾಸ್‌ವರ್ಡ್ ಒಂದನ್ನು ಹೊಸದಾಗಿ ಇಡಲು ಕೇಳಿದರೆ ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಭದ್ರತೆ) ಆನ್ ಇದೆ ಎಂದರ್ಥ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಬಹಳ ಜನ ವೈರಸ್ ಎಂದುಕೊಂಡು 'ಕಂಟಿನ್ಯೂ ಬೂಟ್' ಒತ್ತಿಬಿಡುತ್ತಾರೆ, ಡ್ರೈವರ್‌ನ ಸಹಿ ನೋಂದಣಿಯಾಗದೆ ಪರದೆ ಮತ್ತೆ ಕಪ್ಪು. ಅಲ್ಲಿ 'ಎನ್‌ರೋಲ್ ಮೋಕ್', 'ಕಂಟಿನ್ಯೂ', 'ಯೆಸ್' ಆರಿಸಿ, ಆ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿ. ಸೆಕ್ಯೂರ್ ಬೂಟ್ ಆಫ್ ಮಾಡಿದರೂ ನಡೆಯುತ್ತದೆ. ಆದರೆ ಅದೇ ಯಂತ್ರದಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಹಾಕಿದ ವಿಂಡೋಸ್ ಇದ್ದರೆ ಅದು ರಿಕವರಿ ಕೀ ಕೇಳಬಹುದು. ಕೀ ಬರೆದಿಟ್ಟುಕೊಂಡೇ ಬಯೋಸ್‌ಗೆ ಕೈ ಹಾಕಿ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ಹೋಗಿ ಬರುತ್ತಿತ್ತು. ಈಗ ಫ್ಯಾನ್ ತಿರುಗುತ್ತದೆ, ಮಾನಿಟರ್‌ನಲ್ಲಿ 'ನೋ ಸಿಗ್ನಲ್'. ಉಬುಂಟು ಹಾಳಾಗಿದೆಯೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ತಯಾರಕರ ಲೋಗೋ ಕೂಡ ಬರದಿದ್ದರೆ ಉಬುಂಟುವಿನ ಸರದಿ ಇನ್ನೂ ಬಂದೇ ಇಲ್ಲ, ಅದನ್ನು ದೂರುವಂತಿಲ್ಲ. ಹಿಂಬದಿ ನೋಡಿ: ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಸಿಕ್ಕಿಸಿರಬೇಕು, ಮದರ್‌ಬೋರ್ಡಿನ ಕಿಂಡಿಗಲ್ಲ.

ಅದು ಸರಿಯಿದ್ದರೆ ರ‍್ಯಾಮ್. ನಿಮ್ಮ ಕಡೆಯ ಥಂಡಿಯಲ್ಲಿ ರ‍್ಯಾಮ್‌ನ ಸಂಪರ್ಕದ ಅಂಚು ಮಂಕಾಗುವುದು ಸಾಮಾನ್ಯ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ವಿದ್ಯುತ್ ಖಾಲಿಯಾಗಲಿ. ಬರಿಗೈಯಲ್ಲಿ ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಆಮೇಲೆ ರ‍್ಯಾಮ್ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆತ್ತಗೆ ಉಜ್ಜಿ, ಪುಡಿಯನ್ನು ಒಣ ಬ್ರಷ್‌ನಿಂದ ಗುಡಿಸಿ. ಬಾಯಲ್ಲಿ ಊದಬೇಡಿ, ಉಗುಳಿನ ತೇವ ತಗಲುತ್ತದೆ. ಕ್ಲಿಪ್ ಟಕ್ ಎನ್ನುವವರೆಗೂ ಒತ್ತಿ ಕೂರಿಸಿ. ಎರಡು ಕಡ್ಡಿಯಿದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ.

ಲೋಗೋ ಬಂದು, ಮುಂದೆ ಕಪ್ಪು ಪರದೆಯಲ್ಲಿ 'ಇನಿಟ್‌ರ‍್ಯಾಮ್‌ಎಫ್ಎಸ್' ಎಂದು ಬಿಳಿ ಅಕ್ಷರ ನಿಂತರೆ ಅದು ಕರೆಂಟು ಹೋದಾಗ ಡಿಸ್ಕಿನ ಕಡತವ್ಯವಸ್ಥೆಗೆ ಬಿದ್ದ ಪೆಟ್ಟು. 'ಎಕ್ಸಿಟ್' ಎಂದು ಕೊಟ್ಟರೆ ಯಾವ ಭಾಗ ಕೆಟ್ಟಿದೆ ಎಂದು ಹೆಸರು ಹೇಳುತ್ತದೆ. ಅದು ಎಸ್‌ಡಿಎ2 ಆಗಿದ್ದರೆ 'ಎಫ್ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2', ಮುಗಿದ ಮೇಲೆ 'ರೀಬೂಟ್'. ಇದೇ ಮತ್ತೆ ಮತ್ತೆ ಆದರೆ ಡಿಸ್ಕೇ ಸಾಯುತ್ತಿರಬಹುದು, ಮೊದಲು ಫೈಲುಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ. ಒಂದು ಯುಪಿಎಸ್ ಕೊಳ್ಳಿ. ಸರಿಯಾಗಿ ಶಟ್‌ಡೌನ್ ಮಾಡಲು ಕೆಲವು ನಿಮಿಷ ಸಿಕ್ಕರೆ ಸಾಕು.

ಪ್ರಶ್ನೆ: ಮಿಂಟ್‌ನಲ್ಲಿ ಲಾಗಿನ್ ಪರದೆ ಬರುತ್ತದೆ. ಪಾಸ್‌ವರ್ಡ್ ಕೊಟ್ಟರೆ ಒಂದು ಗಳಿಗೆ ಕಪ್ಪಾಗಿ ಮತ್ತೆ ಲಾಗಿನ್‌ಗೇ ವಾಪಸ್.
— ವಿದ್ಯಾರ್ಥಿನಿ, ಸಕಲೇಶಪುರ

ಉತ್ತರ: ಡಿಸ್ಕ್ ತುಂಬಿರಬೇಕು. ಒಳಗೆ ಹೋಗುವಾಗ ವ್ಯವಸ್ಥೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಸಣ್ಣ ಕಡತಗಳನ್ನು ಬರೆಯಬೇಕು, ಜಾಗವಿಲ್ಲದಿದ್ದರೆ ಹೊರಗೆ ದಬ್ಬುತ್ತದೆ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ, ಹೆಸರು, ಪಾಸ್‌ವರ್ಡ್ ಕೊಡಿ (ಟೈಪ್ ಮಾಡುವಾಗ ಚುಕ್ಕಿ ಕೂಡ ಕಾಣುವುದಿಲ್ಲ). 'ಡಿಎಫ್ -ಎಚ್' ಕೊಟ್ಟಾಗ ಮುಖ್ಯ ಭಾಗದ ಎದುರು 100% ಇದ್ದರೆ 'ಸುಡೋ ಆಪ್ಟ್ ಕ್ಲೀನ್' ಮಾಡಿ (ಸುಡೋ ಎಂದರೆ ಮೇಲ್ವಿಚಾರಕರ ಅಧಿಕಾರದಲ್ಲಿ ಆಜ್ಞೆ ನಡೆಸುವುದು), ಬೇಡದ ದೊಡ್ಡ ಫೈಲುಗಳನ್ನು ಅಳಿಸಿ.

ಜಾಗ ಬೇಕಾದಷ್ಟಿದ್ದರೆ 'ಎಲ್ಎಸ್ -ಎಲ್ಎ' ಕೊಡಿ. ಚುಕ್ಕಿಯಿಂದ ಶುರುವಾಗುವ 'ಎಕ್ಸ್‌ಅಥಾರಿಟಿ' ಕಡತದ ಸಾಲಿನಲ್ಲಿ ನಿಮ್ಮ ಹೆಸರಿನ ಬದಲು 'ರೂಟ್' (ಮೇಲ್ವಿಚಾರಕರ ಖಾತೆ) ಇದೆಯೇ? ಸುಡೋ ಹಾಕಿ ಕಿಟಕಿಯಿರುವ ತಂತ್ರಾಂಶ ತೆರೆದಾಗ ಹೀಗಾಗುವುದುಂಟು. 'ಸುಡೋ ಆರ್‌ಎಂ .ಎಕ್ಸ್‌ಅಥಾರಿಟಿ' ಎಂದು ಅಳಿಸಿ, ಇಲ್ಲಿ ಎಕ್ಸ್ ಮಾತ್ರ ದೊಡ್ಡಕ್ಷರ. ಮುಂದಿನ ಲಾಗಿನ್‌ನಲ್ಲಿ ಅದು ತಾನೇ ಹುಟ್ಟುತ್ತದೆ. ಹಿಂದಿರುಗಲು ಕಂಟ್ರೋಲ್-ಆಲ್ಟ್-ಎಫ್7.

ಪ್ರಶ್ನೆ: ಲ್ಯಾಪ್‌ಟಾಪ್ ಪರದೆ ಪೂರ್ತಿ ಕಪ್ಪು, ಆದರೆ ಲಾಗಿನ್ ಸದ್ದು ಕೇಳುತ್ತದೆ.
— ಓದುಗರು, ಕಡೂರು

ಉತ್ತರ: ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಚಿತ್ರ ಮಸುಕಾಗಿ ಕಂಡರೆ ಹಿಂಬೆಳಕು ಮಾತ್ರ ಆರಿದೆ. ಬ್ರೈಟ್‌ನೆಸ್ ಕೀಲಿ ಒತ್ತಿ ನೋಡಿ. ಆಗದಿದ್ದರೆ ಮೊದಲ ಉತ್ತರದಲ್ಲಿ ಹೇಳಿದ, 'ಲಿನಕ್ಸ್' ಪದದಿಂದ ಶುರುವಾಗುವ ಗ್ರಬ್ ಸಾಲಿನ ಕೊನೆಗೆ 'ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್' ಸೇರಿಸಿ, ಫಲ ಸಿಗದಿದ್ದರೆ ನೇಟಿವ್ ಬದಲು 'ವೆಂಡರ್'. ಲೋಗೋ ಬರುವ ಹೊತ್ತಿನಿಂದಲೇ ಬೆಳಕಿಲ್ಲದಿದ್ದರೆ ಇದ್ಯಾವುದೂ ಬೇಡ, ಪರದೆಯ ಕೇಬಲನ್ನೋ ಪ್ಯಾನಲನ್ನೋ ಮೆಕ್ಯಾನಿಕ್ ನೋಡಬೇಕು.