ಆರಿದ್ರಾ ನಕ್ಷತ್ರಕ್ಕೆ ಧೂಳು ಎಲ್ಲಿಂದ ಬಂತು?

ಪ್ರಶ್ನೆ: 2020ರ ಜನವರಿಯಲ್ಲಿ ಹೊಲದಲ್ಲಿ ತೊಗರಿ ರಾಶಿ ಕಾಯುತ್ತಾ ಮಲಗಿದ್ದೆ. ಕೆಂಪಗೆ ಹೊಳೆಯುವ ಆರಿದ್ರಾ ತುಂಬಾ ಮಂಕಾಗಿತ್ತು. ಧೂಳು ಅಡ್ಡ ಬಂದಿತ್ತು ಅಂತ ಆಮೇಲೆ ಓದಿದೆ. ನಕ್ಷತ್ರ ಅಂದ್ರೆ ಬರೀ ಬೆಂಕಿ ಅಲ್ವಾ ಸರ್? ಅಲ್ಲಿ ಧೂಳು ಹೇಗೆ?
– ಓದುಗರೊಬ್ಬರು, ಅಫಜಲಪುರ ತಾಲ್ಲೂಕು, ಕಲಬುರಗಿ

ಉತ್ತರ: ಬರಿಗಣ್ಣಲ್ಲೇ ಅದನ್ನು ಗುರುತಿಸಿದಿರಲ್ಲ, ಬಹಳ ಖುಷಿಯಾಯಿತು. ಬೀಟಲ್‌ಜೂಸ್ ಅಂತಲೂ ಕರೆಯುವ ಈ ನಕ್ಷತ್ರ ಆ ಫೆಬ್ರವರಿಯಲ್ಲಿ ಎಂದಿನ ಹೊಳಪಿನ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿದಿತ್ತು. ಏಪ್ರಿಲ್ ಹೊತ್ತಿಗೆ ಚೇತರಿಸಿಕೊಂಡಿತು.

ನಕ್ಷತ್ರದಲ್ಲಿ ಇರುವುದು ಬೆಂಕಿಯಲ್ಲ, ಕಾದ ಅನಿಲ. ಮುದಿಯಾದಂತೆ ಅದು ಉಬ್ಬುತ್ತದೆ. ಆರಿದ್ರಾವನ್ನು ತಂದು ಸೂರ್ಯನ ಜಾಗದಲ್ಲಿಟ್ಟರೆ ಭೂಮಿ, ಮಂಗಳ ಎರಡೂ ಅದರ ಹೊಟ್ಟೆಯೊಳಗೆ! ಅಷ್ಟು ಉಬ್ಬಿದ ಮೇಲೆ ಹೊರಪದರದ ಮೇಲಿನ ಹಿಡಿತ ಸಡಿಲವಾಗುತ್ತದೆ. ಅನಿಲ ಕುದ್ದು ಹೊರಕ್ಕೆ ಚಿಮ್ಮುತ್ತದೆ. ದೂರ ಹೋದಂತೆ ತಣ್ಣಗಾಗುತ್ತದೆ. ಬಿಸಿ 1000 ಡಿಗ್ರಿಯ ಆಸುಪಾಸಿಗೆ ಬಂದಾಗ ಸಿಲಿಕಾನ್, ಮೆಗ್ನೀಷಿಯಂ, ಆಮ್ಲಜನಕ ಸೇರಿ ಗಟ್ಟಿಯಾಗುತ್ತವೆ. ಅದೇ ಧೂಳು. ಒಂಥರಾ ಕಲ್ಲಿನ ಪುಡಿ, ಹೊಗೆಯಷ್ಟು ನುಣ್ಣಗೆ. ಇಂಗಾಲ ಜಾಸ್ತಿ ಇರುವ ನಕ್ಷತ್ರವಾದರೆ ಕಲ್ಲಿನ ಬದಲು ಚಿಮಣಿಯಲ್ಲಿ ಕಟ್ಟುವಂಥ ಮಸಿ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಸೂರ್ಯನಷ್ಟೇ ತೂಕದ ನಕ್ಷತ್ರಗಳು ಮುದಿಯಾದಾಗ ಹಿಗ್ಗಿ ಕುಗ್ಗುತ್ತಿರುತ್ತವೆ. ಮೀರಾ ಎಂಬ ನಕ್ಷತ್ರಕ್ಕೆ ಒಂದು ಸಲ ಹಿಗ್ಗಿ ಕುಗ್ಗಲು ಸುಮಾರು 332 ದಿನ ಬೇಕು. ರಾಶಿ ತೂರುವಾಗ ಗಾಳಿ ಹೊಟ್ಟನ್ನು ತಳ್ಳುತ್ತದಲ್ಲ, ಇಂಥ ಕಡೆ ಧೂಳನ್ನು ತಳ್ಳುವುದು ನಕ್ಷತ್ರದ ಬೆಳಕು. ಓಡುವ ಧೂಳು ಸುತ್ತಲಿನ ಅನಿಲವನ್ನೂ ಎಳೆದುಕೊಂಡು ಹೋಗುತ್ತದೆ. ಹೊಟ್ಟೇ ಗಾಳಿಯನ್ನು ಎಳೆದಂತೆ! ಹೀಗೆ ಧೂಳು, ಅನಿಲ ಸೆಕೆಂಡಿಗೆ 10–20 ಕಿಲೋಮೀಟರ್ ವೇಗದಲ್ಲಿ ಹೊರಟು ನಕ್ಷತ್ರ ಕರಗುತ್ತಾ ಹೋಗುತ್ತದೆ. ಸುಮಾರು 500 ಕೋಟಿ ವರ್ಷ ಕಳೆದ ಮೇಲೆ ನಮ್ಮ ಸೂರ್ಯನೂ ಉಬ್ಬಿ, ಹತ್ತಿರ ಹತ್ತಿರ ಅರ್ಧ ತೂಕ ಕಳೆದುಕೊಳ್ಳುತ್ತಾನೆ.

ಈ ಧೂಳು ಸುಮ್ನೆ ಹಾಳಾಗುವುದಿಲ್ಲ. ನಕ್ಷತ್ರಗಳ ನಡುವಿನ ಮೋಡಗಳಲ್ಲಿ ಬೆರೆತು ಹೊಸ ನಕ್ಷತ್ರ, ಗ್ರಹಗಳಿಗೆ ಸರಕಾಗುತ್ತದೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ ಸೂರ್ಯನಿಗಿಂತ ಹಳೆಯ ಕಣಗಳು ಸಿಕ್ಕಿವೆ. ಅದರಲ್ಲಿನ ಸಿಲಿಕಾನ್ ಕಾರ್ಬೈಡ್ ಕಣಗಳು ಬಹುಪಾಲು ಇಂಥ ಮುದಿ ನಕ್ಷತ್ರಗಳು ಬಿಟ್ಟವೇ.

ಈ ಸಲವೂ ರಾಶಿ ಕಾಯುವಾಗ ಆರಿದ್ರಾವನ್ನು ಪಕ್ಕದ ರೋಹಿಣಿ ಜೊತೆ ಹೋಲಿಸಿ ನೋಡಿ. ಸಾಮಾನ್ಯವಾಗಿ ಆರಿದ್ರಾನೇ ಹೆಚ್ಚು ಹೊಳೆಯುತ್ತದೆ. ರೋಹಿಣಿಗಿಂತ ಮಂಕಾಗಿ ಕಂಡರೆ ತಾರೀಖು ಬರೆದಿಟ್ಟುಕೊಂಡು ನಮಗೂ ತಿಳಿಸಿ.