‘ನಾ’ ಮೊಳೆ ಮುಗಿದುಹೋದಾಗ

ಪ್ರಿಯ ಸಹೋದರರೇ,

ನಮ್ಮ ಪತ್ರಿಕೆಯ ತಪಸ್ಸುಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳ) ಸಂಚಿಕೆಗೆಂದು ನೀವು ಕಳುಹಿಸಿದ, ಕ್ರೈಸ್ತ ಬದುಕಿನಲ್ಲಿ ಅಹಂಕಾರದ ಕೇಡು ಮತ್ತು ದೀನತೆಯ ಹಿರಿಮೆಯನ್ನು ಕುರಿತ ಆರು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಶುಭಸಂದೇಶದ ಉಲ್ಲೇಖಗಳು ಸರಿಯಾಗಿವೆ. ಆದರೂ ಮೊದಲ ಓದಿಗೆ ನನಗೆ ಸಿಟ್ಟು ಬಂತು. ಆ ಸಿಟ್ಟು ಎಲ್ಲಿಂದ ಬಂತೆಂಬುದು ಎರಡನೆಯ ಓದಿನಲ್ಲಿ ತಿಳಿಯಿತು.

‘ಅಲ್ಪಮತಿಯೂ ಪಾಮರನೂ ಆದ ನಾನು ಇಂತಹ ಘನವಾದ ವಿಷಯವನ್ನು ಕುರಿತು ಬರೆಯಲು ಅರ್ಹನಲ್ಲ’ ಎಂದು ಆರಂಭಿಸಿದ್ದೀರಿ. ಅರ್ಹನಲ್ಲವೆಂದ ಮೇಲೂ ಆರು ಪುಟ ಬಂದಿವೆ; ಇರಲಿ. ‘ಆದರೂ ಈ ಕಿಂಕರನು ಹಿರಿಯರ ಒತ್ತಾಯಕ್ಕೆ ಮಣಿದು ಲೇಖನಿ ಹಿಡಿದಿದ್ದಾನೆ’ ಎಂಬುದು ಎರಡನೆಯ ವಾಕ್ಯ. ಓದುಗನಿಗೆ ಇದರಿಂದ ತಲುಪುವುದು ನಿಮ್ಮ ಕಿಂಕರತ್ವವಲ್ಲ, ಹಿರಿಯರು ಒತ್ತಾಯಿಸುವಷ್ಟು ದೊಡ್ಡವರು ನೀವು ಎಂಬ ಸುದ್ದಿ. ಯೇಸು ಹೇಳಿದ ಕತೆಯ ಸುಂಕದವನೂ ‘ಪಾಪಿಯಾದ ನನ್ನನ್ನು ಕರುಣಿಸು’ ಎಂದನಲ್ಲವೇ ಎಂದು ನೀವು ಕೇಳಬಹುದು. ಎಂದನು, ನಿಜ, ಆದರೆ ದೂರದಲ್ಲಿ ನಿಂತು, ಕಣ್ಣೆತ್ತಲೂ ಧೈರ್ಯವಿಲ್ಲದೆ, ಎದೆ ಬಡಿದುಕೊಂಡು, ದೇವರಿಗೆ ಎಂದನು. ನೀವು ಅದನ್ನೇ ಚಂದಾದಾರರಿಗೆ ಹೇಳುತ್ತಿದ್ದೀರಿ.

ನಾಲ್ಕನೆಯ ಪುಟದಲ್ಲಿ ಲೂಕನ ಶುಭಸಂದೇಶದ 18ನೇ ಅಧ್ಯಾಯದ ಆ ಸಾಮತಿಯನ್ನು, ಅಂದರೆ ದೇವಾಲಯದಲ್ಲಿ ಪ್ರಾರ್ಥಿಸಿದ ಸುಂಕದವನ ಮತ್ತು ತನ್ನ ಧರ್ಮನಿಷ್ಠೆಗೆ ಬೀಗಿದ ಫರಿಸಾಯನ ದೃಷ್ಟಾಂತವನ್ನು, ಸೊಗಸಾಗಿ ಹೇಳಿ, ಕೊನೆಗೆ ‘ಆ ಫರಿಸಾಯನಂತೆ ನಾವಿಲ್ಲದಿರುವುದಕ್ಕಾಗಿ ದೇವರಿಗೆ ಕೃತಜ್ಞರಾಗಿರೋಣ’ ಎಂದು ಮುಗಿಸಿದ್ದೀರಿ. ದಯವಿಟ್ಟು ಈ ವಾಕ್ಯವನ್ನು ಗಟ್ಟಿಯಾಗಿ ಓದಿಕೊಳ್ಳಿ. ‘ನಾನು ಇತರರಂತಲ್ಲ, ಈ ಸುಂಕದವನಂತೆಯೂ ಅಲ್ಲ, ಅದಕ್ಕಾಗಿ ನಿನಗೆ ವಂದನೆ’ ಎಂದ ಫರಿಸಾಯನ ಪ್ರಾರ್ಥನೆಯೇ ಇದು. ಅವನಂತೆ ವಾರಕ್ಕೆರಡು ಉಪವಾಸದ ಲೆಕ್ಕವೊಂದನ್ನು ಸೇರಿಸುವುದು ಬಾಕಿ. ಐದನೆಯ ಶತಮಾನದಲ್ಲಿ ಮಠವಾಸಿಗಳಿಗಾಗಿ ಬರೆದ ಜಾನ್ ಕ್ಯಾಸಿಯನ್ ಒಣಪ್ರತಿಷ್ಠೆಯನ್ನು ಈರುಳ್ಳಿಗೆ ಹೋಲಿಸುತ್ತಾರೆ: ಒಂದು ಸಿಪ್ಪೆ ಸುಲಿದರೆ ಒಳಗೆ ಇನ್ನೊಂದು. ಒಳ್ಳೆಯ ಉಡುಪಿನಿಂದ ಉಬ್ಬದವನನ್ನು ಅದು ಹರಕು ಬಟ್ಟೆಯಿಂದ ಉಬ್ಬಿಸುತ್ತದೆಯಂತೆ. ನಿಮ್ಮ ‘ಪಾಮರ’, ‘ಕಿಂಕರ’ಗಳು ಆ ಹರಕು ಬಟ್ಟೆಗಳು.

ಇದನ್ನು ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಸುಮಾರು ನಲವತ್ತು ವರ್ಷಗಳ ಹಿಂದೆ, ಶಿವಾಜಿನಗರದ ಒಂದು ಸಣ್ಣ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಾಗ, ನಾನೂ ದೀನತೆಯನ್ನು ಕುರಿತೇ ಒಂದು ಲೇಖನ ಬರೆದಿದ್ದೆ. ಅಚ್ಚಿಗಾಗಿ ಸೀಸದ ಅಕ್ಷರಗಳ ಮೊಳೆ ಜೋಡಿಸುತ್ತಿದ್ದ ಹಿರಿಯರು ಮಧ್ಯಾಹ್ನ ನನ್ನನ್ನು ಕರೆದು, ಮಸಿ ಹಿಡಿದ ಬೆರಳಿನಿಂದ ಮರದ ಪೆಟ್ಟಿಗೆಯ ಒಂದು ಖಾಲಿ ಗೂಡನ್ನು ತೋರಿಸಿ, “ಸಾಮಿ, ‘ನಾ’ ಮೊಳೆ ಮುಗಿದೋಯ್ತು. ಮೊದಲ ಪುಟ ಅಚ್ಚಾಗಿ ಬಿಚ್ಚೋ ತನಕ ಕಾಯ್ತೀರೋ, ಇಲ್ಲ ನೀವೇ ಒಂದಷ್ಟು ಕಮ್ಮಿ ಮಾಡ್ತೀರೋ?” ಎಂದರು. ಅವರು ನನ್ನನ್ನು ಅಣಕಿಸಲಿಲ್ಲ, ಅವರಿಗೆ ನಿಜವಾಗಿಯೂ ಮೊಳೆ ಬೇಕಿತ್ತು. ಕೂತು ಹೊಡೆದುಹಾಕಿದೆ. ಕನ್ನಡದ ಕ್ರಿಯಾಪದ ‘ಬರೆದೆ’, ‘ಕಂಡೆ’ ಎನ್ನುವಾಗಲೇ ‘ನಾನು’ ಎಂಬುದನ್ನು ಬಾಲದಲ್ಲಿ ಹೊತ್ತಿರುತ್ತದೆಯಾದ್ದರಿಂದ, ಹನ್ನೊಂದು ‘ನಾನು’ಗಳು ಹೋದರೂ ಒಂದು ವಾಕ್ಯವೂ ಕುಂಟಲಿಲ್ಲ. ನಿಮ್ಮ ಮೊದಲ ಪುಟದಲ್ಲಿ ಹದಿನಾಲ್ಕಿವೆ.

ಉಳಿದ ಪುಟಗಳ ಬಗ್ಗೆ ಹೇಳುವುದೇನಿಲ್ಲ, ಐದನೆಯದರ ಮೂರು ಸಾಲುಗಳನ್ನು ಬಿಟ್ಟು. ಯೇಸು ಶಿಷ್ಯರ ಪಾದ ತೊಳೆದುದರ ನೆನಪಿಗೆ ಪವಿತ್ರ ಗುರುವಾರದ ಪೂಜೆಯಲ್ಲಿ ಗುರುಗಳಿಂದ ಪಾದ ತೊಳೆಸಿಕೊಳ್ಳಲು ಆಯ್ಕೆಯಾದ ಹನ್ನೆರಡು ಮಂದಿಯಲ್ಲಿ ಒಬ್ಬರು, ಗುರುಗಳಿಗೆ ಕೊಳೆ ಕಾಣಬಾರದೆಂದು, ಪೂಜೆಗೆ ಮುಂಚೆಯೇ ದೇವಾಲಯದ ಹಿಂದಿನ ನಲ್ಲಿಯಲ್ಲಿ ಸೋಪು ಹಚ್ಚಿ ಕಾಲುಜ್ಜಿಕೊಳ್ಳುತ್ತಿದ್ದರೆಂದು ಬರೆದಿದ್ದೀರಿ. ಯೇಸುವಿಗೆ ‘ನನ್ನ ಪಾದಗಳನ್ನು ನೀವು ತೊಳೆಯಕೂಡದು’ ಎಂದ ಶಿಷ್ಯ ಪೇತ್ರನೇ ಆ ನಲ್ಲಿಯ ಬಳಿ ನಿಂತಿದ್ದಾನೆ. ನೀವು ಅವನನ್ನು ಕಂಡಿದ್ದೀರಿ, ಆದರೆ ಗುರುತಿಸದೆ ಮುಂದೆ ಹೋಗಿದ್ದೀರಿ.

ಹಸ್ತಪ್ರತಿಯನ್ನು ಈ ಪತ್ರದೊಂದಿಗೆ ಹಿಂದಿರುಗಿಸುತ್ತಿದ್ದೇನೆ. ನಲ್ಲಿಯಿಂದ ಆರಂಭಿಸಿ ಎರಡು ಪುಟ ಬರೆದು ಕಳುಹಿಸಿದರೆ, ಅದಕ್ಕೆ ಜಾಗ ಕಾದಿರಿಸುತ್ತೇನೆ.

ಇತಿ,
ಸಂಪಾದಕ, ಬೆಂಗಳೂರು